ರಾಜಕಾಲುವೆ, ಚಿಲ್ಲರೆ ಕಾಸು ಮತ್ತು ಸರ್ಕಾರದ ಗ್ರಾಂಟು

ನಮ್ಮ ಕನ್ನಡ ಕೂಟದಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಎಂದು ಮೂರ್ನಾಲ್ಕು ಜನ ಕೇಳಿದರು. ಆವತ್ತು ನನ್ನ ಕೈಯಲ್ಲಿದ್ದದ್ದು ಒಂದು ಚೀಟಿ. ಅದೂ ಕಾಫಿ ಚೆಲ್ಲಿ ಅರ್ಧ ಅಳಿಸಿ ಹೋಗಿತ್ತು. ಹಾಗಾಗಿ ಆಡಿದ್ದಕ್ಕೂ ಇಲ್ಲಿ ಬರೆದದ್ದಕ್ಕೂ ಸ್ವಲ್ಪ ವ್ಯತ್ಯಾಸ ಇರಬಹುದು, ಕ್ಷಮಿಸಿ.

ಟೆಕ್ಸಸ್‌ನಲ್ಲಿ ನನ್ನದು ಹೊಟ್ಟೆಪಾಡಿಗೆ ಲೆಕ್ಕ ಬರೆಯುವ ಕೆಲಸ. ಅದು ಸಾಲದು ಎಂದು ಹನ್ನೊಂದು ವರ್ಷದಿಂದ ಶನಿವಾರ ಬೆಳಿಗ್ಗೆ ಒಂದು ಪುಟ್ಟ ಸಂಸ್ಥೆಗೆ ಪುಕ್ಕಟೆ ಲೆಕ್ಕ ಬರೆದು ಕೊಡುತ್ತೇನೆ. ಸ್ಪ್ಯಾನಿಷ್ ಮಾತಾಡುವ ಮನೆಗಳವರಿಗೆ ಸಂಜೆ ಇಂಗ್ಲಿಷ್ ಪಾಠ, ಪೌರತ್ವದ ಸಂದರ್ಶನಕ್ಕೆ ತಯಾರಿ, ಟ್ಯಾಕ್ಸ್ ಕಾಲದಲ್ಲಿ ಫಾರಂ ತುಂಬಿಕೊಡುವುದು, ಇಷ್ಟೇ ಆ ಸಂಸ್ಥೆಯ ಕೆಲಸ. ಹೆಸರು ಹೇಳುವುದಿಲ್ಲ. ಮುಂದೆ ನಮ್ಮ ಎಡವಟ್ಟುಗಳನ್ನೂ ಹೇಳಲಿಕ್ಕಿದೆ, ಅದಕ್ಕೆ.

ಸರ್ಕಾರದ ಗ್ರಾಂಟು, ಅಂದರೆ ಅನುದಾನದ ವಿಷಯ ಮಾತಿಗೆ ಯಾಕೆ ಬಂತು ಅಂದರೆ, ಹಿಂದಿನ ಕಾರ್ಯಕ್ರಮದ ಊಟದ ಹೊತ್ತಲ್ಲಿ ಒಬ್ಬರು ಹೇಳಿದ್ದು: "ಹಿಸ್ಪ್ಯಾನಿಕ್ ಜನಕ್ಕೆ ಅಂತಲೇ ಸರ್ಕಾರ ದುಡ್ಡು ಇಟ್ಟಿರುತ್ತೆ, ಅರ್ಜಿ ಹಾಕಿದರೆ ಆಯ್ತು." ಅವರ ಮೇಲೆ ಸಿಟ್ಟಿಲ್ಲ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಹನ್ನೊಂದು ವರ್ಷದಲ್ಲಿ ನಾನು ಬರೆದ ಲೆಕ್ಕದಲ್ಲಿ 'ಹಿಸ್ಪ್ಯಾನಿಕ್ ಗ್ರಾಂಟು' ಎಂಬ ಒಂದು ಸಾಲೂ ಇಲ್ಲ. ನಮಗೆ ಬಂದ ಸರ್ಕಾರಿ ದುಡ್ಡೆಲ್ಲ ಬಡತನದ ಹೆಸರಲ್ಲಿ ಬಂದದ್ದು, ಬಡಾವಣೆಯ ಹೆಸರಲ್ಲಿ ಬಂದದ್ದು. ಅದು ಸ್ಪ್ಯಾನಿಷ್ ಮಾತಾಡುವ ಬೀದಿಗೆ ಮುಟ್ಟಿತೋ ಇಲ್ಲವೋ ಎಂಬುದು ಆ ಬೀದಿಯಲ್ಲಿ ಬಜೆಟ್ ಓದಬಲ್ಲವರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ನನಗೆ ಹೇಳಲಿಕ್ಕಿರುವುದು ಇದೊಂದೇ. ಉಳಿದದ್ದು ಕಥೆ.

ಮೊದಲು 'ಹಿಸ್ಪ್ಯಾನಿಕ್' ಎಂಬ ಆ ಪದದ ವಿಷಯ. ಸ್ಪ್ಯಾನಿಷ್ ಮೂಲದವರ ಅಂಕಿಅಂಶ ಬೇರೆಯಾಗಿ ಇಡಬೇಕು ಎಂದು ಅಮೆರಿಕದ ಸಂಸತ್ತು 1976ರಲ್ಲಿ ಒಂದು ಕಾನೂನು ಮಾಡಿತು. ಮರುವರ್ಷ ಸರ್ಕಾರಿ ಕಾಗದಗಳಿಗೆ 'ಹಿಸ್ಪ್ಯಾನಿಕ್' ಪದ ಅಧಿಕೃತವಾಗಿ ಬಂತು. 1980ರ ಜನಗಣತಿಯಲ್ಲಿ ಎಲ್ಲರಿಗೂ ಆ ಪ್ರಶ್ನೆ ಕೇಳಿದರು. ಇದರಲ್ಲಿ ಮೆಕ್ಸಿಕೊ ಮೂಲದವರು, ಪೋರ್ಟೊ ರಿಕೊದವರು, ಕ್ಯೂಬಾದವರು, ಸ್ಪೇನಿನವರು ಎಲ್ಲರೂ ಒಂದೇ ಚೀಲದಲ್ಲಿ. ಇದು ಜನಾಂಗ ಅಲ್ಲ, ಮೂಲ ಎಂದು ಸರ್ಕಾರ ಹೇಳುತ್ತಿತ್ತು. ಹಾಗಾಗಿ ಫಾರಂನಲ್ಲಿ ಎರಡು ಪ್ರಶ್ನೆ. ಹಿಸ್ಪ್ಯಾನಿಕ್ ಹೌದೋ ಅಲ್ಲವೋ ಮೊದಲು, ನಿಮ್ಮ ಜನಾಂಗ ಯಾವುದು ಆಮೇಲೆ. ನಮ್ಮ ಸಂಸ್ಥೆಗೆ ಬರುವ ಹೆಂಗಸರು ಮೊದಲನೆಯದಕ್ಕೆ ಟಿಕ್ ಹಾಕಿ ಎರಡನೆಯದರ ಮುಂದೆ ಪೆನ್ನು ಹಿಡಿದು ಕೂತುಬಿಡುತ್ತಾರೆ. ಬಿಳಿ, ಕಪ್ಪು, ಏಷ್ಯನ್, ಮೂಲನಿವಾಸಿ... ಯಾವುದೂ ಅಲ್ಲ. ಕೊನೆಗೆ 'ಇತರೆ'. 2020ರ ಜನಗಣತಿಯಲ್ಲಿ ಆ ಇತರೆ ಎಂಬ ಗುಂಪೇ ದೇಶದ ಎರಡನೇ ದೊಡ್ಡ ಜನಾಂಗದ ಗುಂಪಾಗಿ ಕೂತಿತು! 2024ರ ಮಾರ್ಚ್‌ನಲ್ಲಿ ಎರಡೂ ಪ್ರಶ್ನೆಯನ್ನು ಒಂದು ಮಾಡುವ ಹೊಸ ನಿಯಮ ಬಂತು. ನಮ್ಮ ಫಾರಂಗಳಿಗೆ ಅದಿನ್ನೂ ಇಳಿದಿಲ್ಲ.

ಎಣಿಕೆ ಯಾಕೆ ಮುಖ್ಯ ಅನ್ನುವುದಕ್ಕೆ ಇನ್ನೊಂದು ಅಂಕಿ ಹೇಳುತ್ತೇನೆ. 2020ರಲ್ಲಿ ಎಣಿಸಿದ್ದು 6 ಕೋಟಿ 21 ಲಕ್ಷ ಹಿಸ್ಪ್ಯಾನಿಕ್ ಜನ, ದೇಶದ ಜನಸಂಖ್ಯೆಯ ಶೇಕಡಾ 18.7. ಆದರೆ ಎಣಿಕೆ ಸರಿಯಾಗಿದೆಯಾ ಎಂದು ಜನಗಣತಿ ಇಲಾಖೆ ಆಮೇಲೆ ತಾನೇ ಪರೀಕ್ಷೆ ಮಾಡಿಕೊಂಡಾಗ, ಹಿಸ್ಪ್ಯಾನಿಕ್ ಜನರಲ್ಲಿ ಹತ್ತಿರ ಹತ್ತಿರ ಶೇಕಡಾ 5ರಷ್ಟು ಮಂದಿ ಲೆಕ್ಕಕ್ಕೇ ಸಿಕ್ಕಿಲ್ಲ ಎಂದು ಗೊತ್ತಾಯಿತು. ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ, ಹಿಂದಿನ ಗ್ಯಾರೇಜಲ್ಲಿ ಬಾಡಿಗೆಗಿರುವ ತಮ್ಮ, ಬಾಗಿಲು ತಟ್ಟಿದರೆ ತೆಗೆಯಲು ಹೆದರುವ ಅಜ್ಜಿ. ತಪ್ಪಿ ಹೋಗುವುದು ಹೀಗೆ. ಗ್ರಾಂಟಿನ ಹಂಚಿಕೆ ಮಾತ್ರ ಇದೇ ಎಣಿಕೆಯ ಮೇಲೆ.

ಯಾವ ಗ್ರಾಂಟು? ಹತ್ತಾರು ಇವೆ. ಬಡ ಮಕ್ಕಳ ಶಾಲಾಪೂರ್ವ ಶಿಕ್ಷಣದ ಹೆಡ್ ಸ್ಟಾರ್ಟ್ 1965ರಿಂದ ಇದೆ. ವಲಸೆ ಕೂಲಿಗಳ ಆರೋಗ್ಯಕ್ಕೆಂದು 1962ರ ಕಾನೂನು ಇದೆ. ಒಂದೊಂದಕ್ಕೂ ಒಂದೊಂದು ಗಂಟೆ ಬೇಕು. ನಾನು ಹೇಳುವುದು ನಾನು ದಿನಾ ಜಗಳವಾಡುವ ಒಂದರ ಬಗ್ಗೆ, ಅದೇ ಸಮುದಾಯ ಅಭಿವೃದ್ಧಿ ಬ್ಲಾಕ್ ಗ್ರಾಂಟ್. ಇಲ್ಲಿನವರು ಸಿಡಿಬಿಜಿ ಅನ್ನುತ್ತಾರೆ. 1974ರ ಆಗಸ್ಟ್ 22ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ್ದು. ಅದಕ್ಕೂ ಮೊದಲು ಕೊಳೆಗೇರಿ ತೆರವಿಗೆ ಒಂದು, ನೀರಿಗೆ ಒಂದು, ಪಾರ್ಕಿಗೆ ಒಂದು ಎಂದು ಬೇರೆ ಬೇರೆ ಗ್ರಾಂಟು ಇದ್ದವು. ಅವನ್ನೆಲ್ಲ ಒಂದೇ ಗಂಟು ಕಟ್ಟಿ, ತಗೊಳ್ಳಿ, ನಿಮ್ಮ ಊರಿಗೆ ಏನು ಬೇಕೋ ನೀವೇ ತೀರ್ಮಾನ ಮಾಡಿ ಎಂದು ನಗರಗಳ ಕೈಗೆ ಕೊಟ್ಟರು. 50,000 ಮೇಲೆ ಜನ ಇರುವ ಊರುಗಳಿಗೆ ನೇರವಾಗಿ ಬರುತ್ತದೆ. ಸಣ್ಣ ಊರುಗಳಿಗೆ ರಾಜ್ಯದ ಮೂಲಕ.

ಎಷ್ಟು ಕೊಡಬೇಕು ಎನ್ನುವುದಕ್ಕೆ ಒಂದು ಸೂತ್ರ ಇದೆ. ಆ ಸೂತ್ರದಲ್ಲಿ ಹಿಸ್ಪ್ಯಾನಿಕ್ ಎಂಬ ಪದ ಇಲ್ಲ. ಬಡತನಕ್ಕೆ ಅರ್ಧ ತೂಕ, ಜನಸಂಖ್ಯೆಗೆ ಕಾಲು, ಮನೆಯ ಇಕ್ಕಟ್ಟಿಗೆ ಕಾಲು. ಇಕ್ಕಟ್ಟು ಅಂದರೆ ಒಂದು ಕೋಣೆಗೆ ಒಬ್ಬರಿಗಿಂತ ಜಾಸ್ತಿ ಜನ ಇರುವ ಮನೆಗಳು. (ಹಳೇ ಊರುಗಳಿಗೆ ಬೇರೆ ಸೂತ್ರವೂ ಇದೆ, ಅಲ್ಲಿ 1940ಕ್ಕಿಂತ ಹಿಂದೆ ಕಟ್ಟಿದ ಮನೆಗಳ ಲೆಕ್ಕ. ಎರಡರಲ್ಲಿ ಯಾವುದು ಜಾಸ್ತಿ ಕೊಡುತ್ತೋ ಅದು.) ಬಂದ ದುಡ್ಡಲ್ಲಿ ಶೇಕಡಾ 70 ಆದರೂ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಉಪಯೋಗ ಆಗಬೇಕು. ಹಾಗಂದರೆ ಆ ಪ್ರದೇಶದ ಮಧ್ಯಕ ಆದಾಯದ (ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯ) ಶೇಕಡಾ 80ಕ್ಕಿಂತ ಕೆಳಗಿರುವವರು.

ಈಗ ನಮ್ಮ ಟೆಕ್ಸಸ್‌ನದೇ ಊರು ಸ್ಯಾನ್ ಆಂಟೋನಿಯೊಗೆ ಬರೋಣ. ನಮ್ಮಲ್ಲಿ ಹಲವರು ನದಿ ದಂಡೆಯ ಹೋಟೆಲುಗಳಲ್ಲಿ ಊಟ ಮಾಡಿ, ಅಲಮೋ ಎಂಬ ಹಳೇ ಕೋಟೆಯ ಮುಂದೆ ಫೋಟೊ ಹೊಡೆಸಿಕೊಂಡು ವಾಪಸು ಬಂದವರು. ಊರು 1718ರಲ್ಲಿ ಸ್ಪೇನಿನವರು ಕಟ್ಟಿದ್ದು, ಅಮೆರಿಕಕ್ಕಿಂತ ಹಳೆಯದು. ಇವತ್ತು ಅಲ್ಲಿನ ಮೂರು ಜನರಲ್ಲಿ ಹೆಚ್ಚುಕಡಿಮೆ ಇಬ್ಬರು ಹಿಸ್ಪ್ಯಾನಿಕ್. ಅವರು ಬಹಳ ಕಾಲ ಇದ್ದದ್ದು ಊರಿನ ಪಶ್ಚಿಮದ ಕಡೆ, ತಗ್ಗು ಪ್ರದೇಶದಲ್ಲಿ. ಮಳೆ ಬಂದರೆ ಮೇಲಿನ ಬಡಾವಣೆಗಳ ನೀರೆಲ್ಲ ಇವರ ಬೀದಿಗೆ. ರಾಜಕಾಲುವೆ ಇಲ್ಲದ ಬಡಾವಣೆಯಲ್ಲಿ ಮಳೆಗಾಲ ಹೇಗಿರುತ್ತದೆ ಎಂದು ಬೆಂಗಳೂರಿನವರಿಗೆ ನಾನು ವಿವರಿಸಬೇಕಾಗಿಲ್ಲ, ಅಲ್ವಾ?

ಎರ್ನೆಸ್ಟೊ ಕೋರ್ಟೆಸ್ ಎಂಬ ಅದೇ ಊರಿನ ಹುಡುಗ, ಶಿಕಾಗೊದಲ್ಲಿ ಜನರನ್ನು ಸಂಘಟಿಸುವ ಪಾಠ ಕಲಿತು ವಾಪಸು ಬಂದಿದ್ದ. ಅವನು ರಾಜಕಾರಣಿಗಳ ಹತ್ತಿರ ಹೋಗಲಿಲ್ಲ. ಪಶ್ಚಿಮದ ಕಡೆಯ ಚರ್ಚುಗಳಿಗೆ ಹೋಗಿ, ಹಬ್ಬದ ದಿನ ಅಡುಗೆಗೆ ನಿಲ್ಲುವವರು ಯಾರು, ಕಾಣಿಕೆ ದುಡ್ಡು ಎಣಿಸುವವರು ಯಾರು ಅಂತ ವಿಚಾರಿಸಿದ. ಅಂಥವರ ಮನೆ ಮನೆಗೆ ಹೋಗಿ ನಿಮ್ಮನ್ನು ಕಾಡುವುದು ಏನು ಎಂದು ಕೇಳಿದ. ಅವನು ನಿರೀಕ್ಷಿಸಿದ್ದು ಪೊಲೀಸರ ದೌರ್ಜನ್ಯ, ತಾರತಮ್ಯ ಇಂಥ ದೊಡ್ಡ ವಿಷಯಗಳಿರಬಹುದು. ಜನ ಹೇಳಿದ್ದು ಮೋರಿ. ಮಳೆ ಬಂದರೆ ಮಕ್ಕಳು ಶಾಲೆಗೆ ಹೋಗಲಾಗುವುದಿಲ್ಲ, ಮನೆಯೊಳಗೆ ನೀರು. ಹೀಗೆ 1974ರಲ್ಲಿ ಕಾಪ್ಸ್ ಹುಟ್ಟಿತು. ಪೂರ್ತಿ ಹೆಸರಿನ ಅರ್ಥ 'ಸಾರ್ವಜನಿಕ ಸೇವೆಗಾಗಿ ಸಂಘಟಿತವಾದ ಸಮುದಾಯಗಳು' ಎಂದು. ಮೊದಲ ಅಧ್ಯಕ್ಷ ಆಂಡಿ ಸರಾಬಿಯಾ, ಊರಿನ ವಾಯುಪಡೆ ನೆಲೆಯಲ್ಲಿ ಕೆಲಸಕ್ಕಿದ್ದವರು.

ಅವರು ಮಾಡಿದ ಮೊದಲ ಕೆಲಸ ಘೋಷಣೆ ಕೂಗಿದ್ದಲ್ಲ, ಹಳೇ ಕಡತ ತೆಗೆದು ಕೂತದ್ದು. ಕಡತದಲ್ಲಿ ಸಿಕ್ಕಿದ್ದು ಏನು ಗೊತ್ತಾ? ಅವರ ಬಡಾವಣೆಯ ಚರಂಡಿ ಕೆಲಸಕ್ಕೆ 1945ರ ಬಾಂಡಿನಲ್ಲೇ, ಅಂದರೆ ಮತದಾರರ ಒಪ್ಪಿಗೆ ಪಡೆದು ಊರು ಎತ್ತುವ ಸಾಲದಲ್ಲೇ, ಮಂಜೂರಾತಿ ಸಿಕ್ಕಿತ್ತು! ಸುಮಾರು 30 ವರ್ಷ ಹಿಂದೆ. ಕಾಗದದಲ್ಲಿ ಚರಂಡಿ ಇತ್ತು, ಬೀದಿಯಲ್ಲಿ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. 1974ರ ಆಗಸ್ಟ್‌ನಲ್ಲಿ ಜನ ಸೇರಿ ಊರಿನ ಆಡಳಿತ ನಡೆಸುವ ಅಧಿಕಾರಿ ಸಿಟಿ ಮ್ಯಾನೇಜರನ್ನು ಕರೆಸಿ ಕೇಳಿದರು. ಆಮೇಲೆ ಸಿಟಿ ಕೌನ್ಸಿಲ್ ಸಭಾಂಗಣ ತುಂಬಿಸಿದರು. ಕಡತ ಮುಂದಿಟ್ಟ ಮೇಲೆ ಇಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ನವೆಂಬರ್ ಹೊತ್ತಿಗೆ 4 ಕೋಟಿ 68 ಲಕ್ಷ ಡಾಲರ್‌ನ ಚರಂಡಿ ಬಾಂಡಿಗೆ ಊರಿನ ಮತದಾರರು ಒಪ್ಪಿಗೆ ಕೊಟ್ಟರು.

ತಾರೀಕು ಗಮನಿಸಿ. ಈ ಗಲಾಟೆ ನಡೆದ ಆಗಸ್ಟ್ ತಿಂಗಳಲ್ಲೇ ವಾಷಿಂಗ್ಟನ್‌ನಲ್ಲಿ ಬ್ಲಾಕ್ ಗ್ರಾಂಟಿಗೆ ಸಹಿ ಬಿದ್ದಿತ್ತು. ದುಡ್ಡು ಬರುವ ಮೊದಲೇ ಜನ ತಯಾರಾಗಿ ನಿಂತಿದ್ದರು. ಆ ಕಾನೂನಿನಲ್ಲಿ ಇನ್ನೊಂದು ಷರತ್ತು ಇತ್ತು. ದುಡ್ಡು ಖರ್ಚು ಮಾಡುವ ಮೊದಲು ಊರಿನ ಜನರ ಅಹವಾಲು ಕೇಳಬೇಕು. ಬಹಳ ಊರುಗಳಲ್ಲಿ ಆ ಅಹವಾಲು ಸಭೆಗೆ ನಾಲ್ಕು ಜನ ಬರುತ್ತಿದ್ದರು, ಅದರಲ್ಲಿ ಇಬ್ಬರು ಆಫೀಸಿನವರು. ಸ್ಯಾನ್ ಆಂಟೋನಿಯೊದಲ್ಲಿ ಹಾಗಾಗಲಿಲ್ಲ. ಕಾಪ್ಸ್‌ನವರು ಮೊದಲು ಮನೆಗಳಲ್ಲಿ ಸಭೆ ಮಾಡುತ್ತಿದ್ದರು. ಈ ಬೀದಿಗೆ ಮೋರಿ, ಆ ಬೀದಿಗೆ ಫುಟ್‌ಪಾತ್, ಇನ್ನೊಂದಕ್ಕೆ ಮನೆ ರಿಪೇರಿ ಎಂದು ಪಟ್ಟಿ ಮಾಡುತ್ತಿದ್ದರು. ಪ್ರತಿ ಪಟ್ಟಿಯ ಮೊತ್ತ ಇರುವ ದುಡ್ಡಿಗಿಂತ ಎಷ್ಟೋ ಜಾಸ್ತಿ ಆಗುತ್ತಿತ್ತು. ಆಮೇಲೆ ಬೇರೆ ಬೇರೆ ಚರ್ಚಿನವರು ಒಟ್ಟಿಗೆ ಕೂತು, ಈ ವರ್ಷ ನಿಮ್ಮದು, ಮುಂದಿನ ವರ್ಷ ನಮ್ಮದು ಎಂದು ಚೌಕಾಸಿ ಮಾಡಿ ಒಂದೇ ಪಟ್ಟಿ ಮಾಡಿಕೊಂಡು ಕೌನ್ಸಿಲ್ ಮುಂದೆ ಹೋಗುತ್ತಿದ್ದರು. ಅಂದರೆ ಜಗಳ ಎಲ್ಲ ಮನೆಯಲ್ಲೇ ಮುಗಿಸಿ ಬೀದಿಗೆ ಬರುವಾಗ ಒಂದೇ ಮಾತು. ನಮ್ಮ ಕೂಟದ ಕಾರ್ಯಕಾರಿ ಸಮಿತಿ ದಯವಿಟ್ಟು ಇದನ್ನು ಗುರುತು ಹಾಕಿಕೊಳ್ಳಲಿ ಎಂದು ಸಭೆಯಲ್ಲಿ ಹೇಳಿದ್ದೆ, ನಕ್ಕರು.

1975ರ ಫೆಬ್ರವರಿಯ ಚಿಲ್ಲರೆ ಕಾಸಿನ ಕಥೆ ಹೇಳದೇ ಹೋದರೆ ಈ ಊರಿಗೆ ಅನ್ಯಾಯ. ಕಾಪ್ಸ್‌ನವರು ಊರಿನ ಬಜೆಟ್‌ಗೆ ಎದುರಾಗಿ ತಮ್ಮದೇ ಸುಮಾರು 10 ಕೋಟಿ ಡಾಲರ್‌ನ ಬಜೆಟ್ ಬರೆದರು. ಊರಿನ ದೊಡ್ಡ ವ್ಯಾಪಾರಿಗಳ ಬೆಂಬಲ ಕೇಳಿದರು. ವ್ಯಾಪಾರಿಗಳು ಕಿವಿ ಕೊಡಲಿಲ್ಲ. ಆಗ ಒಂದು ದಿನ ನೂರಾರು ಹೆಂಗಸರು ಜೋಸ್ಕೀಸ್ ಎಂಬ ದೊಡ್ಡ ಬಟ್ಟೆ ಅಂಗಡಿಗೆ ನುಗ್ಗಿ ಒಂದಾದ ಮೇಲೊಂದು ಕೋಟು ಹಾಕಿ ನೋಡಿದರು. ಯಾರೂ ಏನೂ ಕೊಳ್ಳಲಿಲ್ಲ. ಇನ್ನೊಂದು ದಿನ ಫ್ರಾಸ್ಟ್ ಬ್ಯಾಂಕಿನಲ್ಲಿ ಸಾಲು ಹಚ್ಚಿ ನಿಂತು, ಡಾಲರ್ ಕೊಟ್ಟು ಒಂದು ಸೆಂಟಿನ ಪೆನ್ನಿ ನಾಣ್ಯ ತಗೊಂಡರು, ಮತ್ತೆ ಸಾಲಿಗೆ ಬಂದು ಪೆನ್ನಿ ಕೊಟ್ಟು ಡಾಲರ್ ತಗೊಂಡರು. ಇಡೀ ದಿನ ಇದೇ. ಕಾನೂನಿನಲ್ಲಿ ತಪ್ಪಿಲ್ಲ, ಅಂಗಡಿಗೆ ಬಂದ ಗಿರಾಕಿಗಳು ಅಷ್ಟೆ! ಕೆಲಸ ಮಾತ್ರ ನಿಂತು ಹೋಯಿತು. ಆಮೇಲೆ ಮಾತುಕತೆಗೆ ಬಾಗಿಲು ತೆರೆಯಿತು.

ಈ ಕಥೆಯಲ್ಲಿ ನನಗೆ ಇಷ್ಟದ ಭಾಗ ಇನ್ನೊಂದು. ಕೋಟ್ಯಂತರ ಡಾಲರ್ ಸರ್ಕಾರಿ ದುಡ್ಡು ಎಲ್ಲಿ ಹರಿಯಬೇಕು ಎಂದು ತೀರ್ಮಾನಿಸುವಷ್ಟು ಬೆಳೆದ ಕಾಪ್ಸ್, ತನ್ನ ಖರ್ಚಿಗೆ ಸರ್ಕಾರದ ದುಡ್ಡು ಮುಟ್ಟಲಿಲ್ಲ. ಸದಸ್ಯ ಚರ್ಚುಗಳ ಚಂದಾದಲ್ಲಿ ಅದರ ಸಂಸಾರ ನಡೆಯಿತು. ಕಾರಣ ಸರಳ. ಯಾರ ಹತ್ತಿರ ಸಂಬಳ ತಗೊಳ್ಳುತ್ತೀರೋ ಅವರನ್ನು ನಾಳೆ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದು ಕಷ್ಟ. ಗ್ರಾಂಟು ತಗೊಂಡು ಲೆಕ್ಕ ಬರೆಯುವ ನನ್ನಂಥವನಿಗೆ ಇದು ಸ್ವಲ್ಪ ಚುಚ್ಚುವ ಮಾತು. ನಮ್ಮ ಸಂಸ್ಥೆ ಸಿಟಿ ಆಫೀಸಿನ ಬಗ್ಗೆ ಎಷ್ಟು ಮೆತ್ತಗೆ ಪತ್ರ ಬರೆಯುತ್ತದೆ ಎಂದು ನನಗೆ ಗೊತ್ತು. ಆ ಪತ್ರಗಳ ಕರಡು ನಾನೇ ಬರೆಯುತ್ತೇನೆ.

1977ರಲ್ಲಿ ಸ್ಯಾನ್ ಆಂಟೋನಿಯೊ ವಾರ್ಡುವಾರು ಚುನಾವಣೆಗೆ ಬದಲಾಯಿತು. ಅದಕ್ಕೂ ಮೊದಲು ಇಡೀ ಊರೇ ಒಂದು ಕ್ಷೇತ್ರ, ಹಾಗಾಗಿ ಪಶ್ಚಿಮದ ಕಡೆಯವರು ಗೆಲ್ಲುವುದೇ ಅಪರೂಪ. ಹೊಸ ಪದ್ಧತಿಯ ಮೊದಲ ಚುನಾವಣೆಯಲ್ಲೇ ಐದು ಜನ ಮೆಕ್ಸಿಕೊ ಮೂಲದವರು ಗೆದ್ದರು. 1981ರಲ್ಲಿ ಮೆಕ್ಸಿಕೊ ಮೂಲದ ಹೆನ್ರಿ ಸಿಸ್ನೆರೋಸ್ ಮೇಯರ್ ಆದರು. 1993ರಲ್ಲಿ ಅದೇ ಸಿಸ್ನೆರೋಸ್ ಇದೇ ಬ್ಲಾಕ್ ಗ್ರಾಂಟ್ ಹಂಚುವ ಕೇಂದ್ರ ವಸತಿ ಇಲಾಖೆಗೆ ಮಂತ್ರಿ.

ಮೋರಿ ಆಯಿತು, ರಸ್ತೆ ಆಯಿತು. ಕೆಲಸ? 1990ರ ಜನವರಿಯಲ್ಲಿ ಊರಿನ ಲೀವೈಸ್ ಬಟ್ಟೆ ಕಾರ್ಖಾನೆ ಬಾಗಿಲು ಹಾಕಿ ಕೋಸ್ಟ ರಿಕಾ ಕಡೆಗೆ ಹೊರಟಿತು. ಸಾವಿರಕ್ಕೂ ಜಾಸ್ತಿ ಜನ ಬೀದಿಗೆ, ಬಹುಪಾಲು ಮೆಕ್ಸಿಕೊ ಮೂಲದ ಹೆಂಗಸರು. ಅವರಿಗೆ ಹೊಲಿಗೆ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಊರಲ್ಲಿ ಒಳ್ಳೆ ಸಂಬಳದ ಕೆಲಸ ಇತ್ತು, ಆದರೆ ಆಸ್ಪತ್ರೆಗಳಲ್ಲಿ, ಆಫೀಸುಗಳಲ್ಲಿ. ಕಾಪ್ಸ್ ಮತ್ತು ಅದರ ಜೊತೆಗಾರ ಸಂಘಟನೆ ಮೆಟ್ರೊ ಅಲಯನ್ಸ್ ಸೇರಿ 1992ರಲ್ಲಿ ಪ್ರಾಜೆಕ್ಟ್ ಕ್ವೆಸ್ಟ್ ಎಂಬ ಬೇರೆಯೇ ಸಂಸ್ಥೆ ಕಟ್ಟಿಸಿದರು. ಮೊದಲು ಕಂಪನಿಗಳ ಹತ್ತಿರ ಹೋಗಿ ಯಾವ ಕೆಲಸ ಖಾಲಿ ಇದೆ ಎಂದು ಮಾತು ತಗೊಂಡು, ಆಮೇಲೆ ಸರ್ಕಾರದ ದುಡ್ಡು ತಂದರು. ಗವರ್ನರ್ ಆನ್ ರಿಚರ್ಡ್ಸ್ ರಾಜ್ಯದ ಕಡೆಯಿಂದ ಕೊಟ್ಟರು, ನಗರವೂ ಕೊಟ್ಟಿತು. ಹತ್ತು ದಿನದ ತರಬೇತಿ, ಒಂದು ಸರ್ಟಿಫಿಕೇಟು, ಫೋಟೊ, ಚಪ್ಪಾಳೆ ಅಲ್ಲ. ಸಮುದಾಯ ಕಾಲೇಜಿನಲ್ಲಿ ಒಂದೆರಡು ವರ್ಷ ಓದು, ಅದರ ಫೀಸು, ಪುಸ್ತಕ, ಮಗು ನೋಡಿಕೊಳ್ಳುವ ವ್ಯವಸ್ಥೆಗೆ ನೆರವು, ವಾರಕ್ಕೊಮ್ಮೆ ಸಲಹೆಗಾರರ ಜೊತೆ ಕೂತು ಮಾತು.

ಇದು ಕೆಲಸ ಮಾಡಿತಾ? ಈ ಪ್ರಶ್ನೆಗೆ ನಮ್ಮ ಲೋಕದಲ್ಲಿ ಸಾಮಾನ್ಯವಾಗಿ ಫಲಾನುಭವಿಯ ಕಣ್ಣೀರಿನ ಕಥೆ ಹೇಳುತ್ತಾರೆ. ಇಲ್ಲಿ ಮಾತ್ರ ಚೀಟಿ ಎತ್ತಿದ ಹಾಗೆ ಅರ್ಜಿದಾರರನ್ನು ಎರಡು ಗುಂಪು ಮಾಡಿ, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ ಇದೆ. ಒಂಬತ್ತನೇ ವರ್ಷದಲ್ಲಿ ಕ್ವೆಸ್ಟ್ ಸೇರಿದವರು ಸೇರದವರಿಗಿಂತ ವರ್ಷಕ್ಕೆ 5,000 ಡಾಲರ್‌ಗೂ ಜಾಸ್ತಿ ದುಡಿಯುತ್ತಿದ್ದರು. ಒಂಬತ್ತನೇ ವರ್ಷದಲ್ಲಿ! ತರಬೇತಿ ಕಾರ್ಯಕ್ರಮಗಳ ಪರಿಣಾಮ ಎರಡು ಮೂರು ವರ್ಷಕ್ಕೆ ಆವಿಯಾಗುವುದೇ ಹೆಚ್ಚು.

ಈಗ ನನ್ನ ಶನಿವಾರದ ಮೇಜಿಗೆ ಬರುತ್ತೇನೆ. ಪಾಠ, ಆರೋಗ್ಯ, ಮಕ್ಕಳ ಆರೈಕೆ ಇಂಥದಕ್ಕೆಲ್ಲ 'ಸಾರ್ವಜನಿಕ ಸೇವೆ' ಎಂಬ ತಲೆಬರಹ. ಬ್ಲಾಕ್ ಗ್ರಾಂಟಿನಲ್ಲಿ ಸೇವೆಗೆ ಶೇಕಡಾ 15 ದಾಟುವ ಹಾಗಿಲ್ಲ. ಸ್ಯಾನ್ ಆಂಟೋನಿಯೊದಂಥ ದೊಡ್ಡ ಊರಿಗೆ ಈಚಿನ ವರ್ಷಗಳಲ್ಲಿ ಬರುತ್ತಿರುವುದು ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಅದರಲ್ಲಿ ಸೇವೆಗೆ 18 ಲಕ್ಷ. ಊರಿನಲ್ಲಿರುವ ಎಲ್ಲಾ ಸಂಸ್ಥೆಗಳೂ ಆ 18 ಲಕ್ಷದ ಮೇಲೆ ಕಣ್ಣಿಟ್ಟು ಕೂತಿರುತ್ತವೆ. ದೇಶದ ಒಟ್ಟು ಮೊತ್ತವೋ, ಈಚೆಗೆ ವರ್ಷಕ್ಕೆ ಸುಮಾರು 330 ಕೋಟಿ ಡಾಲರ್. 1985ರ ಸುಮಾರಿಗೂ ಅದು 300 ಕೋಟಿ ದಾಟಿತ್ತು. ಆವತ್ತಿನ ಡಾಲರ್ ಬೆಲೆ ನೆನಪಿಸಿಕೊಳ್ಳಿ, ಗೊತ್ತಾಗುತ್ತದೆ.

ಇನ್ನು ನಮ್ಮ ಪುಟ್ಟ ಸಂಸ್ಥೆ. ಒಂದು ವರ್ಷ ನಮಗೆ 24,000 ಡಾಲರ್ ಮಂಜೂರಾಯಿತು. ಸಿಹಿ ಹಂಚಿದೆವು. ಆಮೇಲೆ ತಿಳಿದದ್ದು, ಮೊದಲು ನೀವು ಖರ್ಚು ಮಾಡಬೇಕು, ರಸೀದಿ ಕಳಿಸಬೇಕು, ಆಮೇಲೆ ದುಡ್ಡು ಬರುತ್ತದೆ ಎಂದು. ಖರ್ಚು ಮಾಡಲು ದುಡ್ಡಿದ್ದರೆ ಗ್ರಾಂಟು ಯಾಕೆ ಕೇಳುತ್ತಿದ್ದೆವು? ಆ ವರ್ಷ ರಸೀದಿ ಕಳಿಸಿ ನಾಲ್ಕು ತಿಂಗಳು ಕಾದೆವು. ಪಾಠ ಹೇಳುವ ಮೇಡಂಗೆ ಸಂಬಳ ಕೊಟ್ಟದ್ದು ಇಬ್ಬರು ಟ್ರಸ್ಟಿಗಳ ಕ್ರೆಡಿಟ್ ಕಾರ್ಡಿನಿಂದ. ದೊಡ್ಡ ಸಂಸ್ಥೆಗಳಿಗೆ ಬ್ಯಾಂಕ್ ಸಾಲದ ಅನುಕೂಲ ಇರುತ್ತದೆ, ಹಾಗಾಗಿ ಗ್ರಾಂಟು ಮತ್ತೆ ಮತ್ತೆ ಅವರ ಮನೆ ಬಾಗಿಲಿಗೇ ಹೋಗುತ್ತದೆ. ಯಾರದ್ದೂ ಪಿತೂರಿ ಇಲ್ಲಿಲ್ಲ, ವ್ಯವಸ್ಥೆಯೇ ಹಾಗೆ ವಾಲಿಕೊಂಡಿದೆ.

ಮುಂದಿನ ಎಡವಟ್ಟು ಹೆಸರಿನದ್ದು. ಸ್ಪ್ಯಾನಿಷ್ ಪದ್ಧತಿಯಲ್ಲಿ ಎರಡು ಮನೆತನದ ಹೆಸರು ಇರುತ್ತದೆ, ಮೊದಲು ಅಪ್ಪನ ಕಡೆಯದು, ಆಮೇಲೆ ಅಮ್ಮನ ಕಡೆಯದು. ಫಾರಂನಲ್ಲಿ ಇರುವುದು ಒಂದೇ ಖಾನೆ. ಒಬ್ಬಳೇ ಹೆಂಗಸು ಒಂದು ವಾರ ಗಾರ್ಸಿಯಾ, ಇನ್ನೊಂದು ವಾರ ಲೋಪೆಸ್ ಎಂದು ಹಾಜರಿ ಪುಸ್ತಕದಲ್ಲಿ ಬರೆದರೆ ನಮ್ಮ ಲೆಕ್ಕದಲ್ಲಿ ಇಬ್ಬರು. ಆಡಿಟ್‌ನವರು ಹಿಡಿದರು. ಸುಳ್ಳು ಹಾಜರಿ ಎಂದು ಅನುಮಾನ ಪಟ್ಟರು. ಎಚ್.ಎಸ್., ಕೆ.ವಿ. ಎಂದು ಇನಿಶಿಯಲ್ ಹೊತ್ತುಕೊಂಡು ಈ ದೇಶಕ್ಕೆ ಬಂದು, ಮೊದಲ ಹೆಸರು ಯಾವುದು ಕೊನೆಯ ಹೆಸರು ಯಾವುದು ಎಂದು ಏರ್‌ಪೋರ್ಟಿನಲ್ಲಿ ತಬ್ಬಿಬ್ಬಾದ ನಮಗೆ ಇದು ಅರ್ಥವಾಗದ ಕಷ್ಟವಲ್ಲ. ನಾನೇ ಹೋಗಿ ನನ್ನ ಪಾಸ್‌ಪೋರ್ಟು, ಲೈಸೆನ್ಸು, ಬ್ಯಾಂಕ್ ಪುಸ್ತಕ ಮೂರೂ ಮೇಜಿನ ಮೇಲಿಟ್ಟೆ. ಮೂರರಲ್ಲಿ ಮೂರು ಥರ ಹೆಸರು. ಆ ಅಧಿಕಾರಿ ನಕ್ಕು ಒಪ್ಪಿಕೊಂಡರು.

ಆದಾಯದ ಪುರಾವೆ ಇನ್ನೊಂದು ತಲೆನೋವು. ಪ್ರತಿಯೊಬ್ಬರ ಮನೆಯ ಆದಾಯ ಬರೆಸಿಕೊಳ್ಳಬೇಕು. ನಿಯಮದಲ್ಲಿ ಕೆಲವರಿಗೆ ಮಾತ್ರ ವಿನಾಯಿತಿ. ವಯಸ್ಸಾದವರು, ಮನೆ ಇಲ್ಲದವರು, ಓದು ಬರಹ ಬಾರದ ದೊಡ್ಡವರು, ವಲಸೆ ಕೃಷಿ ಕೂಲಿಗಳು ಇಂಥವರನ್ನು ಬಡವರೆಂದೇ ಪರಿಗಣಿಸಿಬಿಡುತ್ತಾರೆ. ಇಲ್ಲದಿದ್ದರೆ ಬಡಾವಣೆಯಲ್ಲಿ ಶೇಕಡಾ 51 ಜನ ಕಡಿಮೆ ಆದಾಯದವರು ಎಂದು ತೋರಿಸಿ ಅಲ್ಲಿ ಎಲ್ಲರಿಗೂ ಉಪಯೋಗವಾಗುವ ಕೆಲಸ ಮಾಡಬಹುದು. ಪಾರ್ಕು, ಸಮುದಾಯ ಭವನ, ಮೋರಿ. ಆಗ ಯಾರ ಜೇಬನ್ನೂ ನೋಡಬೇಕಾಗಿಲ್ಲ. ಕಾಪ್ಸ್‌ನವರು ಮೋರಿಯಿಂದ ಶುರು ಮಾಡಿದ್ದರಲ್ಲಿ ಈ ಜಾಣತನವೂ ಇತ್ತೋ ಏನೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ನೀರು ಹರಿದು ಹೋಗುವುದಕ್ಕೆ ಯಾರೂ ಸರ್ಟಿಫಿಕೇಟು ತೋರಿಸಬೇಕಿಲ್ಲ.

ಯಾರೋ ಕೇಳಿದರು, ದಾಖಲೆ ಇಲ್ಲದೆ ಇರುವವರ ಕಥೆ ಏನು ಎಂದು. ಬಡವರಿಗೆ ಕೊಡುವ ಸರ್ಕಾರಿ ನೆರವಿನ ನಿಯಮ ಬದಲಿಸಿದ 1996ರ ಕಲ್ಯಾಣ ಸುಧಾರಣೆ ಕಾನೂನು ಕೆಲವು ಸೌಲಭ್ಯಗಳನ್ನು ವಲಸೆ ಸ್ಥಿತಿಗೆ ತಳುಕು ಹಾಕಿತು. ಆದರೆ ಅದೇ ಕಾನೂನು, ಧರ್ಮಾರ್ಥ ಸಂಸ್ಥೆಗಳು ಬಂದವರ ವಲಸೆ ಸ್ಥಿತಿ ಪರೀಕ್ಷಿಸಬೇಕಾಗಿಲ್ಲ ಎಂದೂ ಹೇಳಿತು. 2025ರ ಜುಲೈನಲ್ಲಿ ಕೇಂದ್ರದ ಇಲಾಖೆಗಳು ಆ ಸೌಲಭ್ಯಗಳ ಪಟ್ಟಿಯ ವ್ಯಾಖ್ಯಾನ ಹಿಗ್ಗಿಸಿ ಹೆಡ್ ಸ್ಟಾರ್ಟನ್ನೂ ಸೇರಿಸಿದವು. ಹಲವು ರಾಜ್ಯಗಳು ಕೋರ್ಟಿಗೆ ಹೋದವು. ಕೋರ್ಟಿನ ತೀರ್ಪು ಏನೇ ಇರಲಿ, ನಮ್ಮ ಸಂಜೆ ಪಾಠದಲ್ಲಿ ಕುರ್ಚಿ ಖಾಲಿ ಬಿದ್ದವು. ಗ್ರೀನ್ ಕಾರ್ಡ್ ಇದ್ದವರೂ ಬರಲಿಲ್ಲ. ಹಾಜರಿ ಕಡಿಮೆ ಆದರೆ ಗುರಿ ಮುಟ್ಟಲಿಲ್ಲ ಎಂದು ಮುಂದಿನ ವರ್ಷದ ಗ್ರಾಂಟಿಗೆ ಕತ್ತರಿ. ಭಯ ಯಾಕೆ ಎಂದು ಬರೆಯಲು ವರದಿಯ ಫಾರಂನಲ್ಲಿ ಖಾನೆ ಇಲ್ಲ.

ಭಾಷೆಯ ವಿಷಯದಲ್ಲೂ ಗಾಳಿ ಬದಲಾಗಿದೆ. 2000ದ ಆಗಸ್ಟ್‌ನಲ್ಲಿ ಕ್ಲಿಂಟನ್ ಒಂದು ಆದೇಶ ಹೊರಡಿಸಿದ್ದರು, ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸರ್ಕಾರದ ಸೇವೆ ಮುಟ್ಟಬೇಕು ಎಂದು. 2025ರ ಮಾರ್ಚ್ 1ರಂದು ಟ್ರಂಪ್ ಅದನ್ನು ರದ್ದು ಮಾಡಿ ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಘೋಷಿಸಿದರು. ಆದರೂ ಬ್ಲಾಕ್ ಗ್ರಾಂಟಿನ ನಿಯಮಾವಳಿಯಲ್ಲಿ ಒಂದು ಸಾಲು ಇದೆ. ಅಹವಾಲು ಸಭೆಗೆ ಇಂಗ್ಲಿಷ್ ಬಾರದವರು ಗಣನೀಯ ಸಂಖ್ಯೆಯಲ್ಲಿ ಬರಬಹುದಾದರೆ ಅವರಿಗೆ ಏನು ವ್ಯವಸ್ಥೆ ಎಂದು ನಗರ ಮೊದಲೇ ತನ್ನ ಯೋಜನೆಯಲ್ಲಿ ಬರೆದಿರಬೇಕು. ವರ್ಷಕ್ಕೆ ಕನಿಷ್ಠ ಎರಡು ಸಭೆ ನಡೆಸಬೇಕು, ಕರಡು ಯೋಜನೆಗೆ ಅಭಿಪ್ರಾಯ ಹೇಳಲು 30 ದಿನ ಕೊಡಬೇಕು.

ಆ ಸಭೆಗೆ ನಮ್ಮ ಸಂಸ್ಥೆಯಿಂದ ಒಬ್ಬರು ಹಿರಿಯ ಹೆಂಗಸು ತಪ್ಪದೆ ಬರುತ್ತಾರೆ. ಎಲ್ಲರೂ ಅವರನ್ನು ಡೋನ್ಯಾ ಎನ್ನುತ್ತಾರೆ, ನಾವು ಅಮ್ಮಾವ್ರು ಅನ್ನುವ ಹಾಗೆ. ಮೊದಲ ಸಲ ಅವರು ಮಾತಾಡಿದಾಗ ಎಲ್ಲರಂತೆ ಮೂರು ನಿಮಿಷ ಕೊಟ್ಟರು. ಅವರು ಒಂದು ವಾಕ್ಯ ಹೇಳಬೇಕು, ಅನುವಾದ ಮಾಡುವ ಹುಡುಗಿ ಅದನ್ನು ಇಂಗ್ಲಿಷಲ್ಲಿ ಹೇಳಬೇಕು. ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿಬಿಟ್ಟರು. ಒಂದೂವರೆ ನಿಮಿಷದ ಮಾತೂ ಆಗಿರಲಿಲ್ಲ. ಟೆಕ್ಸಸ್‌ನಲ್ಲಿ 2019ರಲ್ಲಿ ಕಾನೂನು ತಿದ್ದಿದರು. ಅನುವಾದಕರ ಮೂಲಕ ಮಾತಾಡುವವರಿಗೆ ಉಳಿದವರಿಗಿಂತ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು. ಜೊತೆಜೊತೆಗೇ ಅನುವಾದ ಕೇಳಿಸುವ ಯಂತ್ರ ಇದ್ದರೆ ಮಾತ್ರ ಬೇಡ. ನಾನು ಹೇಳಿದ್ದರಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ ಎಂದೆ.

ಪ್ರಶ್ನೋತ್ತರ ಮುಗಿಯುವಾಗ ಹಿಂದಿನ ಸಾಲಿನಿಂದ ಒಬ್ಬರು, ನಮ್ಮ ಕನ್ನಡ ಶಾಲೆಗೂ ಈ ದುಡ್ಡು ಸಿಗುತ್ತದಾ ಎಂದು ಕೇಳಿದರು. ಸಿಗುವುದಿಲ್ಲ ಸಾರ್. ನಮ್ಮ ಮಕ್ಕಳ ಅಪ್ಪ ಅಮ್ಮಂದಿರ ಆದಾಯ ಆ ಫಾರಂನಲ್ಲಿ ಬರೆದರೆ ಆಫೀಸಿನವರು ನಮ್ಮ ಹತ್ತಿರವೇ ಚಂದಾ ಕೇಳಿಯಾರು. ಯಕ್ಷಗಾನ, ಸಂಗೀತ ಅಂಥದ್ದಕ್ಕೆ ರಾಜ್ಯದ ಕಲಾ ಆಯೋಗದ ಗ್ರಾಂಟು ಬೇರೆ ಇದೆ, ಅಲ್ಲಿ ನೋಡಿ ಎಂದೆ.

ಆಗ ಪಕ್ಕದಲ್ಲಿ ಕೂತಿದ್ದ ಅವರ ತಾಯಿ ಕೈ ಎತ್ತಿದರು. ಮಗನ ಮನೆಗೆ ಬಂದು ಇಲ್ಲೇ ಉಳಿದವರು, ಇಂಗ್ಲಿಷ್ ಅಷ್ಟಕ್ಕಷ್ಟೆ. "ಹಾಗಾದ್ರೆ ನಾನು ಅಲ್ಲಿ ಹೋಗಿ ಕನ್ನಡದಲ್ಲೇ ಮಾತಾಡಬಹುದಾ?"

"ಮಾತಾಡಬಹುದು ಅಮ್ಮ. ಇಂಗ್ಲಿಷಿಗೆ ಹೇಳೋಕೆ ಜೊತೆಗೆ ಒಬ್ಬರು ಬೇಕು. ಮೂರು ನಿಮಿಷದ ಬದಲು ಆರು ನಿಮಿಷ ಕೊಡಬೇಕಾಗುತ್ತೆ."

"ಆರು ಯಾಕಪ್ಪ, ಬಸ್ ಸ್ಟಾಪಿಗೆ ನೆರಳಿಲ್ಲ ಅನ್ನೋಕೆ ಅರ್ಧ ನಿಮಿಷ ಸಾಕು" ಎಂದರು. ಮುಂದಿನ ಸಭೆಯ ತಾರೀಕು ಬರೆದು ಕೊಟ್ಟಿದ್ದೇನೆ. ಅನುವಾದಕ್ಕೆ ಮೊಮ್ಮಗಳು ಹೋಗುತ್ತಾಳಂತೆ.